ಮಂಗಳೂರಿನ ಮಳೆಗೆ ಕಾರಿನ ಹೀಟರ್ ಯಾಕೆ ಬೇಕು?

ಕರಾವಳಿಯಲ್ಲಿ ಕಾರು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಡ್ಯಾಶ್‌ಬೋರ್ಡಿನ ಆ ನೀಲಿ-ಕೆಂಪು ನಾಬನ್ನು ನೀಲಿ ತುದಿಯಿಂದ ಕದಲಿಸುವುದೇ ಇಲ್ಲ. ಕದಲಿಸಲು ಕಾರಣವೂ ಕಾಣುವುದಿಲ್ಲ ಅನ್ನಿ. ಮಂಗಳೂರು, ಉಡುಪಿಯಲ್ಲಿ ಜನವರಿಯ ಬೆಳಗಿನ ಜಾವದಲ್ಲೂ 20 ಡಿಗ್ರಿ ಆಸುಪಾಸು ಇರುತ್ತದೆ. ಈ ಸೆಕೆಯ ಊರಲ್ಲಿ ಹೀಟರ್ ಯಾರಿಗೆ ಬೇಕು ಮಾರಾಯ್ರೆ, ಅಂತ ಕೇಳುವವರೇ ಜಾಸ್ತಿ.

ಬೇಕಾಗುವುದು ಚಳಿಗಲ್ಲ, ಮಳೆಗೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ದಿನಗಳಲ್ಲಿ ಸಂಜೆ ಮೂಲ್ಕಿ ದಾಟಿ ಪಡುಬಿದ್ರಿ ಕಡೆ ಹೋಗುತ್ತಿರುತ್ತೀರಿ. ನೋಡನೋಡುತ್ತಿದ್ದಂತೆ ಎದುರಿನ ಗ್ಲಾಸ್ ಬೆಳ್ಳಗಾಗುತ್ತದೆ. ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಹರಡಿಕೊಂಡು ಕಾಣುತ್ತದೆ. ಕೈಗೆ ಸಿಕ್ಕ ಬಟ್ಟೆಯಿಂದ ಒರೆಸಿ, ಎಸಿ ಜೋರು ಮಾಡಿ, ಕೊನೆಗೆ ಕಿಟಕಿ ಇಳಿಸಿ ಒದ್ದೆಯಾಗುತ್ತೀರಿ. ಇಷ್ಟೆಲ್ಲ ಬೇಡ. ಕೆಲಸ ಎರಡು-ಮೂರು ಬಟನ್‌ಗಳಲ್ಲಿ ಮುಗಿಯುತ್ತದೆ. ಆದರೆ ಯಾವ ಬಟನ್ ಯಾವಾಗ ಅಂತ ತಿಳಿಯಲು, ಡ್ಯಾಶ್‌ಬೋರ್ಡಿನ ಹಿಂದೆ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು.

ಬಿಸಿ ಬರುವುದು ಎಂಜಿನ್‌ನಿಂದ

ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಹೀಟರ್‌ಗೆ ಅಂತ ಬೇರೆ ಇಂಧನ ಖರ್ಚಾಗುವುದಿಲ್ಲ. ಎಂಜಿನ್ ಓಡುವಾಗ ಹೇಗೂ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊತ್ತು ಹೊರಹಾಕುವುದು ಕೂಲೆಂಟ್‌ನ ಕೆಲಸ. ಎಂಜಿನ್ ಸರಿಯಾಗಿ ಕಾದ ಮೇಲೆ ಕೂಲೆಂಟ್ ಸುಮಾರು 90 ಡಿಗ್ರಿ ಇರುತ್ತದೆ. ಇದರಲ್ಲಿ ಒಂದು ಪಾಲು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಬರುತ್ತದೆ. ಅಲ್ಲಿ ಪುಸ್ತಕದಷ್ಟು ದೊಡ್ಡ ಪುಟ್ಟ ರೇಡಿಯೇಟರ್ ಒಂದಿದೆ. ಅದನ್ನೇ ಹೀಟರ್ ಕೋರ್ ಅನ್ನುತ್ತಾರೆ. ಬ್ಲೋವರ್ ಫ್ಯಾನ್ ತಳ್ಳಿದ ಗಾಳಿ ಅದರ ಸಂದುಗಳಲ್ಲಿ ಹಾದು ಬಿಸಿಯಾಗಿ ಒಳಗೆ ಬರುತ್ತದೆ. ಅಷ್ಟೇ.

ಹೆಚ್ಚಿನ ಕಾರುಗಳಲ್ಲಿ ನೀವು ತಿರುಗಿಸುವ ನಾಬ್ ಕೂಲೆಂಟನ್ನು ಬಿಸಿ ಮಾಡುವುದೂ ಇಲ್ಲ, ತಣ್ಣಗೆ ಮಾಡುವುದೂ ಇಲ್ಲ. ಒಳಗೆ ಒಂದು ಪ್ಲಾಸ್ಟಿಕ್ ಬಾಗಿಲು ಅತ್ತಿತ್ತ ಹೋಗುತ್ತದೆ. ನೀಲಿಯಲ್ಲಿಟ್ಟರೆ ಗಾಳಿ ಹೀಟರ್ ಕೋರನ್ನು ಮುಟ್ಟದೆ ಪಕ್ಕದಿಂದ ಹೋಗುತ್ತದೆ. ಕೆಂಪಿನಲ್ಲಿಟ್ಟರೆ ಅದರ ಮೂಲಕವೇ ಹೋಗುತ್ತದೆ. ನಡುವೆ ಇಟ್ಟರೆ ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ. ಗಾಳಿ ಗ್ಲಾಸಿಗೋ ಮುಖಕ್ಕೋ ಕಾಲಿಗೋ ಅಂತ ತೀರ್ಮಾನಿಸುವುದೂ ಇಂಥವೇ ಬಾಗಿಲುಗಳು.

ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಹೀಟರ್ ಬಿಸಿ ಗಾಳಿ ಕೊಡದಿರುವುದು ಇದಕ್ಕೇ. ಕೂಲೆಂಟ್ ಕಾಯುವ ತನಕ ಕಾಯಬೇಕು. ಡೀಸೆಲ್ ಗಾಡಿ ಇನ್ನೂ ನಿಧಾನ. ಮನೆಯಿಂದ ಹೊರಟು ಒಂದೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಗ್ಲಾಸ್ ಮಬ್ಬಾದರೆ ಹೀಟರನ್ನು ನಂಬಿ ಪ್ರಯೋಜನವಿಲ್ಲ. ಆಗ ಎಸಿಯೇ ಗತಿ.

ಎಸಿ ತಣ್ಣಗೆ ಮಾತ್ರ ಮಾಡುವುದಲ್ಲ, ಒಣಗಿಸುತ್ತದೆ ಕೂಡ

ಗಾಳಿ ಹೋಗುವ ದಾರಿಯಲ್ಲಿ ಹೀಟರ್ ಕೋರ್‌ಗಿಂತ ಮೊದಲು ಸಿಗುವುದು ಎಸಿಯ ಇವಾಪರೇಟರ್, ಅಂದರೆ ಗಾಳಿಯನ್ನು ತಣ್ಣಗೆ ಮಾಡುವ ಭಾಗ. ಅದು ಹೆಪ್ಪುಗಟ್ಟದ ಹಾಗೆ, ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೆ ಇರುತ್ತದೆ. ಗಾಳಿ ಅದನ್ನು ದಾಟುವಾಗ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ಟಪಟಪ ಬೀಳುವ ನೀರು ಇದೇ. ಎಷ್ಟೋ ಜನ ಅದನ್ನು ನೋಡಿ ರೇಡಿಯೇಟರ್ ಲೀಕ್ ಅಂತ ಗಾಬರಿಯಾಗುತ್ತಾರೆ. ಶುದ್ಧ ನೀರಾಗಿದ್ದರೆ ಚಿಂತೆ ಬೇಡ. ನಮ್ಮ ಊರಿನ ತೇವಕ್ಕೆ ಅದು ಜಾಸ್ತಿ ಬೀಳದಿದ್ದರೇ ಅನುಮಾನ ಪಡಬೇಕು.

ಎಸಿಯೂ ಆನ್, ನಾಬೂ ಕೆಂಪಿನ ಕಡೆ ಇದ್ದರೆ ಏನಾಗುತ್ತದೆ? ಗಾಳಿ ಮೊದಲು ತಣ್ಣಗಾಗಿ ತೇವ ಬಿಡುತ್ತದೆ, ಆಮೇಲೆ ಬಿಸಿಯಾಗುತ್ತದೆ. ಬಿಸಿಯಾದ, ಒಣಗಿದ ಗಾಳಿ ಗ್ಲಾಸಿನ ಮೇಲಿನ ತೇವವನ್ನು ಹೀರಿಕೊಳ್ಳುವಷ್ಟು ಬೇರೆ ಯಾವ ಗಾಳಿಯೂ ಹೀರುವುದಿಲ್ಲ. ಎಸಿ ಮತ್ತು ಹೀಟರ್ ಒಟ್ಟಿಗೆ ಹಾಕಿದರೆ ಗಾಡಿ ಹಾಳಾಗುತ್ತದೆ ಅನ್ನುವ ಮಾತು ನಮ್ಮಲ್ಲಿ ತುಂಬಾ ಕಡೆ ಕೇಳಿಬರುತ್ತದೆ. ಹಾಗೇನೂ ಇಲ್ಲ. ಕಾರು ಮಾಡಿದವರೇ ಹಾಗೆ ಬಳಸಲೆಂದು ಎರಡನ್ನೂ ಒಂದರ ಹಿಂದೆ ಒಂದು ಇಟ್ಟಿದ್ದಾರೆ.

ಮಬ್ಬು ಒಳಗೋ ಹೊರಗೋ: ಮೊದಲು ಇದನ್ನು ನೋಡಿ

ಇಲ್ಲೇ ಹೆಚ್ಚಿನವರು ಎಡವುವುದು. ಗ್ಲಾಸಿಗೆ ಮಬ್ಬು ಹಿಡಿಯುವುದು ಎರಡು ಬಗೆ. ಒಂದರ ಮದ್ದು ಇನ್ನೊಂದಕ್ಕೆ ವಿಷ.

ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಮೇಜಿನ ಮೇಲಿಟ್ಟರೆ ಹೊರಗೆಲ್ಲ ಹನಿ ಕೂರುತ್ತದೆ, ಅಲ್ವಾ? ತೇವ ತುಂಬಿದ ಗಾಳಿ ತಣ್ಣಗಿನ ಮೈ ಮುಟ್ಟಿದರೆ ಆಗುವುದೇ ಅದು. ಎಷ್ಟು ತಣ್ಣಗಾದರೆ ಹನಿ ಕೂರುತ್ತದೆ ಅನ್ನುವುದು ಗಾಳಿಯಲ್ಲಿ ಎಷ್ಟು ತೇವವಿದೆ ಅನ್ನುವುದರ ಮೇಲಿದೆ. ಮಳೆಗಾಲದ ಮಂಗಳೂರಲ್ಲಿ ಹೊರಗೆ 27 ಡಿಗ್ರಿ, ತೇವಾಂಶ ನೂರಕ್ಕೆ 90 ಅಂತ ಇಟ್ಟುಕೊಳ್ಳಿ. ಆಗ ಯಾವುದೇ ವಸ್ತು 25 ಡಿಗ್ರಿಗೆ ಇಳಿದರೆ ಸಾಕು, ಅದರ ಮೇಲೆ ಹನಿ ಕೂರಲು ಶುರು. ಅಂದರೆ ಎರಡೇ ಡಿಗ್ರಿ ಅಂತರ. ಬಯಲುಸೀಮೆಯ ಒಣ ಗಾಳಿಯಲ್ಲಿ ಈ ಅಂತರ ಹತ್ತು, ಹದಿನೈದು ಡಿಗ್ರಿ ಇರುತ್ತದೆ. ಬಳ್ಳಾರಿಯಲ್ಲಿ ಕಾರು ಓಡಿಸುವವರಿಗೆ ಈ ಲೇಖನದ ಅರ್ಧ ಬೇಡವೇ ಬೇಡ.

ಒಳಗಿನ ಮಬ್ಬು: ಹೊರಗೆ ಮಳೆ ಬಿದ್ದು ಗ್ಲಾಸ್ ತಣ್ಣಗಾಗಿದೆ. ಒಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಹಿಂದಿನ ಸೀಟಲ್ಲಿ ರೈನ್‌ಕೋಟ್. ಸುಮ್ನೆ ಕೂತ ಒಬ್ಬ ಮನುಷ್ಯನ ಉಸಿರು, ಬೆವರಿನಿಂದಲೇ ಗಂಟೆಗೆ ಎರಡು-ಮೂರು ದೊಡ್ಡ ಚಮಚದಷ್ಟು ನೀರು ಗಾಳಿಗೆ ಸೇರುತ್ತದೆ.

ಹೊರಗಿನ ಮಬ್ಬು: ಎಸಿ ಜೋರಾಗಿ ಓಡಿ ಗ್ಲಾಸ್ ಒಳಗಿನಿಂದ ತಣ್ಣಗಾಗಿದೆ. ಹೊರಗಿನ ತೇವದ ಗಾಳಿ ಅದರ ಮೇಲೆ ಹನಿಯಾಗುತ್ತದೆ.

ಯಾವುದು ಅಂತ ತಿಳಿಯಲು ಬೆರಳು ಸಾಕು. ಒಳಗಿನಿಂದ ಗ್ಲಾಸಿನ ಮೂಲೆಯಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮೂಡಿ ಬೆರಳು ಒದ್ದೆಯಾದರೆ ಒಳಗಿನದು. ಏನೂ ಆಗದಿದ್ದರೆ ವೈಪರ್ ಒಮ್ಮೆ ಆಡಿಸಿ. ಅರೆವೃತ್ತ ತಿಳಿಯಾಗಿ ಸುತ್ತ ಬೆಳ್ಳಗೆ ಉಳಿದರೆ ಹೊರಗಿನದು. ಇನ್ನೊಂದು ಗುರುತು: ಹೊರಗಿನ ಮಬ್ಬು ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಗಾಳಿ ಬಡಿಯುವ ಜಾಗದಿಂದ, ಗ್ಲಾಸಿನ ಕೆಳ ಅಂಚಿನಿಂದ ಬಾಳೆ ಎಲೆಯ ತುದಿಯ ಆಕಾರದಲ್ಲಿ ಮೇಲಕ್ಕೆ ಬೆಳೆಯುತ್ತದೆ.

ಒಳಗಿನ ಮಬ್ಬು ಬಿಡಿಸುವ ಕ್ರಮ

1. ಎದುರಿನ ಗ್ಲಾಸಿನ ಬಟನ್ ಒತ್ತಿ. ಬೀಸಣಿಗೆ ಬಿಚ್ಚಿದ ಆಕಾರದ ಗುರುತಿನೊಳಗೆ ಮೂರು ಡೊಂಕು ಬಾಣ ಇರುವುದು ಅದೇ. ಚೌಕದ ಗುರುತಿನದು ಹಿಂದಿನ ಗ್ಲಾಸಿಗೆ. ಅವಸರದಲ್ಲಿ ಜನ ಇವೆರಡನ್ನು ಅದಲುಬದಲು ಮಾಡುವುದು ಮಾಮೂಲು.

2. ಎಸಿ ಆನ್ ಮಾಡಿ. ಹಲವು ಕಾರುಗಳಲ್ಲಿ ಎದುರಿನ ಗ್ಲಾಸಿನ ಬಟನ್ ಒತ್ತಿದರೆ ಎಸಿ ತಾನಾಗಿಯೇ ಓಡುತ್ತದೆ, ದೀಪ ಉರಿಯದಿದ್ದರೂ. ನಿಮ್ಮ ಗಾಡಿಯಲ್ಲಿ ಹೇಗೆ ಅಂತ ಪುಸ್ತಕದಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ.

3. ಒಳಗಿನ ಗಾಳಿಯೇ ಸುತ್ತುವ ಬಟನ್ ಆಫ್ ಮಾಡಿ. ಕಾರಿನ ಚಿತ್ರದೊಳಗೆ ತಿರುಗಿದ ಬಾಣ ಇರುವ ಬಟನ್ ಅದು. ಎಸಿ ಇಲ್ಲದೆ ಅದನ್ನು ಆನ್ ಇಟ್ಟು ನಾಲ್ಕು ಜನ ಕೂತರೆ ಎರಡೇ ನಿಮಿಷದಲ್ಲಿ ಗ್ಲಾಸ್ ಹಾಲಿನ ಬಣ್ಣ.

4. ಬ್ಲೋವರ್ ಮೂರು ಅಥವಾ ನಾಲ್ಕಕ್ಕೆ ಏರಿಸಿ.

5. ನಾಬನ್ನು ನೀಲಿಯಿಂದ ನಡುವಿನ ತನಕ, ಬೇಕಾದರೆ ಅದಕ್ಕಿಂತ ಸ್ವಲ್ಪ ಕೆಂಪಿನ ಕಡೆ ತಿರುಗಿಸಿ. ಆಟೋ ಎಸಿ ಇದ್ದರೆ 25-26 ಡಿಗ್ರಿ ಇಡಿ.

ಕೊನೆಯ ಹೆಜ್ಜೆಯನ್ನು ನಮ್ಮವರು ಬಿಡುತ್ತಾರೆ. ಸೆಕೆ ಅಂತ ನಾಬ್ ನೀಲಿಯ ತುದಿಯಲ್ಲೇ ಇರುತ್ತದೆ. ಒಣ ಗಾಳಿ ಬಡಿದು ಒಳಗಿನ ಮಬ್ಬು ಹೋಗುತ್ತದೆ ನಿಜ. ಆದರೆ ಅದೇ ತಣ್ಣನೆಯ ಗಾಳಿ ಗ್ಲಾಸನ್ನು 25 ಡಿಗ್ರಿಗಿಂತ ಕೆಳಗೆ ಇಳಿಸುತ್ತದೆ. ಆಗ ಹೊರಗೆ ಮಬ್ಬು ಶುರುವಾಗುತ್ತದೆ. ಓಡಿಸುವವರಿಗೆ ಅದು ಹೊಸ ಮಬ್ಬು ಅಂತ ಗೊತ್ತಾಗುವುದಿಲ್ಲ. ಇನ್ನೂ ಹೋಗಿಲ್ಲ ಅಂದುಕೊಂಡು ಬ್ಲೋವರ್ ಇನ್ನಷ್ಟು ಏರಿಸುತ್ತಾರೆ. ಅದು ಇನ್ನಷ್ಟು ಜಾಸ್ತಿಯಾಗುತ್ತದೆ. ಕರಾವಳಿಯ ಮಳೆಯಲ್ಲಿ ಗ್ಲಾಸಿನ ರಗಳೆ ಮುಗಿಯದಿರುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಅಭಿಪ್ರಾಯ. ನಾಬ್ ಅರ್ಧ ತಿರುಗಿಸಿದರೆ ಗಾಳಿ ಒಣಗಿಯೂ ಇರುತ್ತದೆ, ಗ್ಲಾಸ್ ತಣ್ಣಗೂ ಆಗುವುದಿಲ್ಲ.

ಪಕ್ಕದ ಕಿಟಕಿಗಳನ್ನು ಮರೆಯಬೇಡಿ. ಡ್ಯಾಶ್‌ಬೋರ್ಡಿನ ಎರಡೂ ತುದಿಯಲ್ಲಿ ಚಿಕ್ಕ ಕಿಂಡಿಗಳಿರುತ್ತವೆ. ಅವು ಪಕ್ಕದ ಗ್ಲಾಸಿಗೆ, ಸೈಡ್ ಮಿರರ್ ಕಾಣುವ ಜಾಗಕ್ಕೆ ಗಾಳಿ ಕೊಡಲು ಇರುವುದು. ತುದಿಯ ದೊಡ್ಡ ಕಿಂಡಿಗಳನ್ನೂ ಮಿರರ್ ಕಡೆ ತಿರುಗಿಸಿಕೊಳ್ಳಿ. ನಂತೂರಿನಂಥ ಸರ್ಕಲ್‌ನಲ್ಲಿ ಎಡಗಡೆಯ ಮಿರರ್ ಕಾಣದಿದ್ದರೆ ಸ್ಕೂಟರಿನವರ ಗತಿ ದೇವರೇ ಬಲ್ಲ.

ಹೊರಗಿನ ಮಬ್ಬಿಗೆ ಉಲ್ಟಾ ಮದ್ದು

ವೈಪರ್ ಒಂದೆರಡು ಸಲ ಆಡಿಸಿ. ಗಾಳಿಯನ್ನು ಗ್ಲಾಸಿನಿಂದ ಬಿಡಿಸಿ ಮುಖಕ್ಕೋ ಕಾಲಿಗೋ ತಿರುಗಿಸಿ. ಎಸಿಯ ತಣ್ಣಗನ್ನು ಕಮ್ಮಿ ಮಾಡಿ, ಅಂದರೆ ನಾಬನ್ನು ಒಂದೆರಡು ಗೆರೆ ಕೆಂಪಿನ ಕಡೆ ಸರಿಸಿ. ಇಷ್ಟಕ್ಕೆ ಮುಗಿಯುತ್ತದೆ. ಮಳೆ ನಿಂತು ಬಿಸಿಲು ಬಂದಾಗ, ಮತ್ತೆ ಮೇ ತಿಂಗಳ ಸೆಕೆಯ ರಾತ್ರಿಗಳಲ್ಲಿ ಆಗುವುದು ಬಹುತೇಕ ಇದೇ. ಪಕ್ಕದ ಕಿಟಕಿಗಳ ಹೊರಗೂ ಹನಿ ಕೂತಿದ್ದರೆ ಗ್ಲಾಸ್ ಪೂರ್ತಿ ಇಳಿಸಿ ಏರಿಸಿ, ರಬ್ಬರೇ ಒರೆಸಿಬಿಡುತ್ತದೆ.

ಎಸಿ ಆಫ್ ಮಾಡಿದ ಕೂಡಲೇ ಮಬ್ಬು ಯಾಕೆ?

ಮಳೆಯಲ್ಲಿ ಎಸಿ ಹಾಕಿಕೊಂಡು ಹೋಗುತ್ತಿದ್ದೀರಿ. ಚಳಿ ಅನ್ನಿಸಿತು, ಎಸಿ ಆಫ್ ಮಾಡಿದಿರಿ, ಬ್ಲೋವರ್ ಹಾಗೇ ಬಿಟ್ಟಿರಿ. ಕೆಲವೇ ಕ್ಷಣಗಳಲ್ಲಿ ಗ್ಲಾಸ್ ಪೂರ್ತಿ ಬೆಳ್ಳಗೆ. ಇವಾಪರೇಟರ್ ಮೈಯೆಲ್ಲ ನೀರಿರುತ್ತದೆ. ಕಂಪ್ರೆಸರ್ ನಿಂತಾಗ ಅದು ಬೆಚ್ಚಗಾಗಿ, ಅಲ್ಲಿದ್ದ ನೀರು ಮತ್ತೆ ಗಾಳಿಗೆ ಸೇರಿ ನೇರ ಗ್ಲಾಸಿಗೆ ಬಂದು ಬಡಿಯುತ್ತದೆ. ಓಡುತ್ತಿರುವ ಗಾಡಿಯಲ್ಲಿ ಇದು ಅಪಾಯ. ಮಳೆಯಲ್ಲಿ ಚಳಿಯಾದರೆ ಎಸಿ ಆಫ್ ಮಾಡಬೇಡಿ, ನಾಬನ್ನು ಕೆಂಪಿನ ಕಡೆ ತಿರುಗಿಸಿ.

ಎಸಿ ವಾಸನೆ ಬರಬಾರದು ಅಂತ ಮನೆ ಹತ್ತಿರ ಬಂದಾಗ ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸುವ ಅಭ್ಯಾಸ ಹಲವರಿಗಿದೆ. ಒಳ್ಳೆಯ ಅಭ್ಯಾಸ. ಇವಾಪರೇಟರ್ ಒಣಗಿದರೆ ಬೂಸ್ಟು ಹಿಡಿಯುವುದಿಲ್ಲ. ಆದರೆ ಮಳೆ ಸುರಿಯುವಾಗ ಅದನ್ನು ರಸ್ತೆಯಲ್ಲಿ ಮಾಡದೆ ಗೇಟಿನೊಳಗೆ ಬಂದ ಮೇಲೆ ಮಾಡಿ. ಶೆಡ್ ಮುಚ್ಚಿದ್ದರೆ ಎಂಜಿನ್ ಓಡಿಸುತ್ತಾ ಕೂರುವುದು ಮಾತ್ರ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಘಾಟಿ ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು

ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುವವರಿಗೆ ಎರಡೂ ಮಬ್ಬು ಒಂದೇ ದಿನ ಸಿಗುತ್ತದೆ. ಸೋಮೇಶ್ವರದಿಂದ ಮೇಲಕ್ಕೆ ಕೆಲವೇ ಕಿಲೋಮೀಟರ್‌ಗಳಲ್ಲಿ ಐನೂರು ಮೀಟರ್‌ಗೂ ಹೆಚ್ಚು ಏರುತ್ತೀರಿ. ಹೊರಗಿನ ಗಾಳಿ ಮೂರು-ನಾಲ್ಕು ಡಿಗ್ರಿ ತಣ್ಣಗಾಗುತ್ತದೆ, ಮಳೆ ಇದ್ದರೆ ಇನ್ನೂ ಸ್ವಲ್ಪ. ಕಾರಿನೊಳಗೆ ಮಾತ್ರ ಕರಾವಳಿಯ ತೇವದ ಗಾಳಿಯೇ ಇರುತ್ತದೆ. ಹೇರ್‌ಪಿನ್ ತಿರುವುಗಳಲ್ಲಿ ಒಳಗೆ ಮಬ್ಬು ಹಿಡಿಯುವುದು ಹೀಗೆ. ಹತ್ತುವ ಮೊದಲೇ, ಸೋಮೇಶ್ವರದ ಚೆಕ್‌ಪೋಸ್ಟ್ ಹತ್ತಿರವೇ ಗಾಳಿಯನ್ನು ಗ್ಲಾಸಿಗೆ ತಿರುಗಿಸಿ, ಎಸಿ ಹಾಕಿ, ನಾಬ್ ನಡುವಿಗೆ ತನ್ನಿ. ಎಂಜಿನ್ ಅಷ್ಟರಲ್ಲಿ ಚೆನ್ನಾಗಿ ಕಾದಿರುತ್ತದೆ, ಹೀಟರ್ ಕೂಡಲೇ ಕೆಲಸ ಮಾಡುತ್ತದೆ. ತಿರುವಿನಲ್ಲಿ ಎದುರಿಂದ ಬಸ್ ಬರುವಾಗ ಬಟನ್ ಹುಡುಕುವ ಪರಿಸ್ಥಿತಿ ಬೇಡ.

ವಾಪಸ್ ಇಳಿಯುವಾಗ ಉಲ್ಟಾ. ಮೇಲೆ ತಣ್ಣಗಾದ ಗ್ಲಾಸ್ ಕೆಳಗಿನ ಬೆಚ್ಚಗಿನ ತೇವಕ್ಕೆ ಇಳಿಯುತ್ತದೆ. ಹೊರಗೆ ಹನಿ ಕೂರುತ್ತದೆ. ಇಲ್ಲಿ ವೈಪರ್ ಮತ್ತು ಸ್ವಲ್ಪ ಬಿಸಿ ಗಾಳಿ ಸಾಕು, ಎಸಿಯನ್ನು ತಣ್ಣಗೆ ಏರಿಸಬೇಡಿ. ಚಾರ್ಮಾಡಿ, ಶಿರಾಡಿ, ಸಂಪಾಜೆ ಕಡೆ ಹೋಗುವವರಿಗೂ ಇದೇ ಲೆಕ್ಕ.

ಮಳೆಗಾಲದಲ್ಲಿ ಘಾಟಿಯ ಮೇಲೆ ಕವಿಯುವ ಮಂಜು ಬೇರೆ ವಿಷಯ. ಅದು ರಸ್ತೆಯ ಮೇಲೆಯೇ ಇರುವ ಮೋಡ. ಯಾವ ಬಟನ್ನಿಗೂ ಹೋಗುವುದಿಲ್ಲ. ಲೋ ಬೀಮ್ ಹಾಕಿ, ವೇಗ ಇಳಿಸಿ, ವೈಪರನ್ನು ಬಿಟ್ಟು ಬಿಟ್ಟು ಓಡುವ ಹಾಗೆ ಇಡಿ. ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಹೀಟರ್‌ನಿಂದ ಘಾಟಿಯಲ್ಲಿ ಇನ್ನೊಂದು ಉಪಕಾರ ಉಂಟು. ಚಾರ್ಮಾಡಿಯಲ್ಲಿ ಮುಂದೆ ಲಾರಿ ಕೆಟ್ಟು ನಿಂತು, ಗಂಟೆಗಟ್ಟಲೆ ಫಸ್ಟ್ ಗೇರಲ್ಲಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಲು ಶುರುವಾದರೆ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ನಾಬನ್ನು ಪೂರ್ತಿ ಕೆಂಪಿಗೆ ತಿರುಗಿಸಿ, ಬ್ಲೋವರ್ ಫುಲ್ ಇಡಿ. ಹೀಟರ್ ಕೋರ್ ಎರಡನೇ ರೇಡಿಯೇಟರ್ ಆಗಿ ಎಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಕೂತವರು ಬೆಂದುಹೋಗುತ್ತಾರೆ, ಎಂಜಿನ್ ಉಳಿಯುತ್ತದೆ. ಇದು ಜಾಗ ಸಿಗುವ ತನಕ ಮಾತ್ರ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಮುಳ್ಳು ಕೆಂಪಿಗೆ ಹೋಗಿದ್ದರೆ ಜಾಗಕ್ಕೆ ಕಾಯದೆ ಅಲ್ಲೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಒತ್ತಡದಲ್ಲಿರುವ ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ.

ತರ್ಮೋಸ್ಟಾಟ್ ತೆಗೆಸಬೇಡಿ

ನಮ್ಮ ಕಡೆ ಗಾಡಿ ಒಮ್ಮೆ ಹೀಟ್ ಆದರೆ ಕೆಲವರು ಕೊಡುವ ಸಲಹೆ ಒಂದೇ: ತರ್ಮೋಸ್ಟಾಟ್ ವಾಲ್ವ್ ತೆಗೆದುಬಿಡಿ, ಈ ಸೆಕೆಗೆ ಅದು ಬೇಡ. ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ತರ್ಮೋಸ್ಟಾಟ್ ಕೂಲೆಂಟ್ ಸುಮಾರು 80-90 ಡಿಗ್ರಿಗೆ ಬರುವ ತನಕ ರೇಡಿಯೇಟರ್ ದಾರಿ ಮುಚ್ಚಿಟ್ಟು, ಎಂಜಿನ್ ಬೇಗ ಕಾಯುವ ಹಾಗೆ ಮಾಡುತ್ತದೆ. ಅದನ್ನು ತೆಗೆದರೆ ಮಳೆಗಾಲದಲ್ಲಿ ಎಂಜಿನ್ ಎಷ್ಟು ಹೊತ್ತಾದರೂ ಸರಿಯಾಗಿ ಕಾಯುವುದಿಲ್ಲ. ಮೈಲೇಜ್ ಇಳಿಯುತ್ತದೆ, ಎಂಜಿನ್ ಸವೆತ ಜಾಸ್ತಿಯಾಗುತ್ತದೆ, ಹೀಟರ್ ಉಗುರುಬೆಚ್ಚಗೆ ಉಳಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ದೊಡ್ಡ ಖರ್ಚಿನ ಭಾಗವಲ್ಲ ಅದು.

ಕೂಲೆಂಟ್ ಬದಲು ಬಾವಿ ನೀರು, ಬೋರ್‌ವೆಲ್ ನೀರು ಸುರಿಯುವುದೂ ಹೀಗೇ. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಬರುವುದು ನಿಮಗೆ ಗೊತ್ತಿರುವುದೇ. ಉಪ್ಪು, ಸುಣ್ಣದ ಅಂಶ ಮೊದಲು ಕಟ್ಟಿಕೊಳ್ಳುವುದು ಹೀಟರ್ ಕೋರಿನ ಸಣ್ಣ ನಳಿಗೆಗಳಲ್ಲೇ. ಬಾಟಲಿಯಲ್ಲೇ ನೀರು ಬೆರೆಸಿ ಬರುವ ಕೂಲೆಂಟ್ ಆದರೆ ಹಾಗೇ ಹಾಕಿ, ಇಲ್ಲವಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ.

ಹೀಟರ್ ತಣ್ಣಗಿದ್ದರೆ ಮನೆಯಲ್ಲೇ ನೋಡಬಹುದಾದ್ದು: ಎಂಜಿನ್ ಕಾದ ಮೇಲೆ, ಫ್ಯಾನು, ಬೆಲ್ಟಿಗೆ ಕೈ ತಾಗದ ಹಾಗೆ, ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಬಟ್ಟೆ ಹಿಡಿದು ಮುಟ್ಟಿ ನೋಡಿ. ಎರಡೂ ಬಿಸಿ ಇದ್ದೂ ಒಳಗೆ ತಣ್ಣಗೆ ಬಂದರೆ ತಪ್ಪು ಆ ಪ್ಲಾಸ್ಟಿಕ್ ಬಾಗಿಲಿನದ್ದು. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಕೋರ್ ಕಟ್ಟಿದೆ ಅಥವಾ ಕೆಲವು ಗಾಡಿಗಳಲ್ಲಿರುವ ಹೀಟರ್ ವಾಲ್ವ್ ಸಿಕ್ಕಿಕೊಂಡಿದೆ. ಎರಡೂ ತಣ್ಣಗಿದ್ದರೆ ಕೂಲೆಂಟ್ ಕಮ್ಮಿಯಾಗಿದೆ, ಇಲ್ಲವೇ ಒಳಗೆ ಗಾಳಿ ಸೇರಿಕೊಂಡಿದೆ, ಇಲ್ಲವೇ ತರ್ಮೋಸ್ಟಾಟ್ ತೆರೆದೇ ಉಳಿದಿದೆ. ಬ್ಲೋವರ್ ಒಂದು, ಎರಡು, ಮೂರಕ್ಕೆ ಸುಮ್ಮನಿದ್ದು ನಾಲ್ಕಕ್ಕೆ ಮಾತ್ರ ಓಡಿದರೆ ಫ್ಯಾನ್ ಬದಲಿಸುವ ಅಗತ್ಯವಿಲ್ಲ. ಸುಟ್ಟಿರುವುದು ಅದರ ವೇಗ ತಗ್ಗಿಸುವ ರೆಸಿಸ್ಟರ್.

ಕಾಲಡಿ ಒದ್ದೆಯಾದರೆ

ಮ್ಯಾಟ್ ಒದ್ದೆಯಾಗಿದ್ದರೆ ಗ್ಲಾಸ್ ಎಷ್ಟು ಒರೆಸಿದರೂ ಮಬ್ಬು ಬಂದೇ ಬರುತ್ತದೆ. ತೆಂಗಿನ ನಾರಿನ ಮ್ಯಾಟ್ ನೋಡಲು ಚಂದ, ಆದರೆ ಒಮ್ಮೆ ನೆನೆದರೆ ಮಳೆಗಾಲ ಮುಗಿಯುವ ತನಕ ಒಣಗುವುದಿಲ್ಲ. ಜೂನ್‌ನಲ್ಲಿ ಅದನ್ನು ತೆಗೆದು ರಬ್ಬರ್ ಮ್ಯಾಟ್ ಹಾಕಿ. ಮಲ್ಪೆಯಿಂದ ಮೀನು ತರುವವರು ಡಬ್ಬಿಯ ಮುಚ್ಚಳ ಬಿಗಿ ಇದೆಯಾ ನೋಡಿಕೊಳ್ಳಿ. ಕರಗಿದ ಐಸಿನ ನೀರು ಡಿಕ್ಕಿಯ ಕಾರ್ಪೆಟಿಗೆ ಇಳಿದರೆ ವಾಸನೆ ಒಂದು ಕಡೆ, ಹಿಂದಿನ ಗ್ಲಾಸಿನ ಮಬ್ಬು ಇನ್ನೊಂದು ಕಡೆ.

ನೀವು ತಂದ ನೀರಲ್ಲ, ಆದರೂ ಎಡಗಡೆ ಸೀಟಿನ ಕಾಲಡಿ ಒದ್ದೆ ಇದೆ ಅಂದರೆ ಬೆರಳಿಂದ ಮುಟ್ಟಿ ಮೂಸಿ ನೋಡಿ. ವಾಸನೆ ಇಲ್ಲದ ತೆಳು ನೀರಾದರೆ ಎಸಿ ನೀರು ಹೋಗುವ ಪೈಪ್ ಕಟ್ಟಿರಬೇಕು. ಅಥವಾ ಬಾನೆಟ್ ಹಿಂದೆ, ವೈಪರ್ ಬುಡದಲ್ಲಿರುವ ಕಾಲುವೆಯಲ್ಲಿ ಎಲೆ ತುಂಬಿ ಮಳೆನೀರು ಒಳಗೆ ಇಳಿಯುತ್ತಿರಬೇಕು. ಮಾವಿನ ಮರ, ಹಲಸಿನ ಮರದ ಅಡಿ ನಿಲ್ಲಿಸುವ ಗಾಡಿಗಳಲ್ಲಿ ಇದು ಬಹಳ. ಸಿಹಿ ವಾಸನೆ, ಅಂಟು ಅಂಟು, ಜೊತೆಗೆ ಗ್ಲಾಸಿನ ಒಳಗೆ ಒರೆಸಿದರೂ ಹೋಗದ ಎಣ್ಣೆಯಂಥ ಪದರ ಇದ್ದರೆ ಹೀಟರ್ ಕೋರ್ ಸೋರುತ್ತಿದೆ. ಕೂಲೆಂಟ್ ವಿಷ. ನಾಯಿ, ಬೆಕ್ಕು ನೆಕ್ಕಿಬಿಡುತ್ತವೆ, ಕೂಡಲೇ ಒರೆಸಿ. ರಿಪೇರಿ ದುಬಾರಿ, ಯಾಕೆಂದರೆ ಹೆಚ್ಚಿನ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಮುಂದೂಡುವ ಕೆಲಸವಲ್ಲ.

ಹಿಂದಿನ ಗ್ಲಾಸಿನ ಗೆರೆಗಳು

ಹಿಂದಿನ ಗ್ಲಾಸಿನಲ್ಲಿ ಗಾಳಿಯ ಆಟವಿಲ್ಲ. ಅಲ್ಲಿರುವ ಕಂದು ಗೆರೆಗಳು ಬೆಳ್ಳಿ ಬೆರೆಸಿದ, ಕರೆಂಟ್ ಹರಿಯುವ ಲೇಪನ. ಬಟನ್ ಒತ್ತಿದರೆ ಬ್ಯಾಟರಿಯ 12 ವೋಲ್ಟ್ ಅದರಲ್ಲಿ ಹರಿದು ಗ್ಲಾಸ್ ಬೆಚ್ಚಗಾಗುತ್ತದೆ. ಗೆರೆಗಳ ಪಕ್ಕದಲ್ಲೇ ಮೊದಲು ಪಟ್ಟೆ ಪಟ್ಟೆಯಾಗಿ ತಿಳಿಯಾಗುವುದು ಚೆನ್ನಾಗಿ ಕಾಣುತ್ತದೆ. ಒಂದು ಪಟ್ಟೆ ಮಾತ್ರ ಮಬ್ಬಾಗಿ ಉಳಿದರೆ ಆ ಗೆರೆ ಎಲ್ಲೋ ತುಂಡಾಗಿದೆ ಅಂತ ಅರ್ಥ. ಎಲ್ಲಿ ಅಂತ ಟಾರ್ಚ್ ಬೆಳಕಲ್ಲಿ ಹತ್ತಿರದಿಂದ ನೋಡಿದರೆ ಸಿಗುತ್ತದೆ. ಅಲ್ಲಿಗೆ ಹಚ್ಚುವ, ಕರೆಂಟ್ ಹರಿಯುವ ಪೇಂಟ್ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ.

ಇದು ಕರೆಂಟ್ ಬಹಳ ಎಳೆಯುತ್ತದೆ. ಹಾಗಾಗಿ ಹೆಚ್ಚಿನ ಕಾರುಗಳಲ್ಲಿ ಸುಮಾರು ಕಾಲು ಗಂಟೆಯಲ್ಲಿ ತಾನೇ ಆಫ್ ಆಗುತ್ತದೆ. ಎಂಜಿನ್ ನಿಲ್ಲಿಸಿ ಇದನ್ನು ಹಾಕಬೇಡಿ. ಒಳಗಿನಿಂದ ಒರೆಸುವಾಗ ಗೆರೆಯ ಉದ್ದಕ್ಕೇ ಒರೆಸಿ, ಅಡ್ಡ ಬೇಡ. ಹಿಂದಿನ ಗ್ಲಾಸಿಗೆ ಒಳಗಿನಿಂದ ಅಂಟಿಸಿದ ಸ್ಟಿಕ್ಕರನ್ನು ಬ್ಲೇಡಿನಲ್ಲಿ ಕೆರೆದು ಎಷ್ಟೋ ಜನ ಈ ಗೆರೆಗಳನ್ನೇ ಕೆರೆದು ಹಾಕಿರುತ್ತಾರೆ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ಅಲ್ಲಿ ಬಿಸಿ ಎಂಜಿನ್ ಇಲ್ಲ. ಹೀಟರ್ ಬ್ಯಾಟರಿಯಿಂದಲೇ ಓಡಬೇಕು, ರೇಂಜ್ ಸ್ವಲ್ಪ ಇಳಿಯುತ್ತದೆ. ಒಳ್ಳೆಯದೇನೆಂದರೆ ಎಂಜಿನ್ ಕಾಯಲು ಕಾಯಬೇಕಾಗಿಲ್ಲ, ಬಿಸಿ ಗಾಳಿ ಬೇಗ ಬರುತ್ತದೆ. ಮಬ್ಬು ಬಿಡಿಸುವ ಕ್ರಮ ಇದೇ.

ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳುವುದು

ಮೊದಲು ಗ್ಲಾಸಿನ ಒಳಮೈ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಏಳುವ ಆವಿ ಗ್ಲಾಸಿನ ಮೇಲೆ ತೆಳ್ಳಗೆ ಜಿಡ್ಡಾಗಿ ಕೂರುತ್ತದೆ. ಕೊಳೆಯಾದ ಗ್ಲಾಸಿಗೆ ಮಬ್ಬು ಬೇಗ ಹಿಡಿಯುತ್ತದೆ, ರಾತ್ರಿ ಎದುರಿನ ಗಾಡಿಯ ಲೈಟ್ ಹೊಡೆದಾಗ ಕಣ್ಣು ಕತ್ತಲಾಗುತ್ತದೆ. ಮೈಕ್ರೋಫೈಬರ್ ಬಟ್ಟೆ, ಗ್ಲಾಸ್ ಕ್ಲೀನರ್ ಹಿಡಿದು ಎರಡು ಸಲ ಒರೆಸಿ. ಮೊದಲ ಸಲದ ಬಟ್ಟೆ ಎಷ್ಟು ಕಪ್ಪಾಗುತ್ತದೆ ಅಂತ ನೀವೇ ನೋಡಿ. ಡ್ಯಾಶ್‌ಬೋರ್ಡಿಗೆ ಹೊಳಪಿನ ಪಾಲಿಶ್ ಹಚ್ಚುವುದನ್ನು ಮಳೆಗಾಲದಲ್ಲಿ ಬಿಡಿ. ಅಂಗೈಯಲ್ಲಿ ಗ್ಲಾಸ್ ಒರೆಸುವುದನ್ನೂ ಬಿಡಿ, ಕೈಯ ಎಣ್ಣೆ ಅಲ್ಲೇ ಉಳಿಯುತ್ತದೆ.

ಶೇವಿಂಗ್ ಫೋಮ್, ಪಾತ್ರೆ ತೊಳೆಯುವ ಸೋಪು ಒಳಗೆ ತೆಳುವಾಗಿ ಹಚ್ಚಿ ಒರೆಸಿದರೆ ಮಬ್ಬು ಹಿಡಿಯುವುದಿಲ್ಲ ಅನ್ನುತ್ತಾರೆ. ಸ್ವಲ್ಪ ದಿನ ಕೆಲಸ ಮಾಡುತ್ತದೆ, ಹೌದು. ಸರಿಯಾಗಿ ಒರೆಸದಿದ್ದರೆ ರಾತ್ರಿ ಗೆರೆ ಗೆರೆಯಾಗಿ ಹೊಳೆಯುತ್ತದೆ. ವೈಪರ್ ಕೆಟ್ಟಾಗ ಹಳೆ ಲಾರಿ ಡ್ರೈವರ್‌ಗಳು ಬೀಡಿಯ ತಂಬಾಕು ಉಜ್ಜುತ್ತಿದ್ದದ್ದು ಗ್ಲಾಸಿನ ಹೊರಗೆ, ಮಳೆಹನಿ ನಿಲ್ಲದಿರಲಿ ಅಂತ. ಒಳಗಿನ ಮಬ್ಬಿಗೆ ಅದನ್ನು ಪ್ರಯೋಗಿಸಲು ಹೋಗಬೇಡಿ.

ಆಮೇಲೆ ಹೀಟರ್ ಓಡಿಸಿ ನೋಡಿ. ಮೇ ತಿಂಗಳಲ್ಲಿ ಇದು ಶಿಕ್ಷೆಯೇ, ಆದರೆ ಐದು ನಿಮಿಷ ಸಾಕು. ಎಂಜಿನ್ ಕಾದ ಮೇಲೆ ಕಿಟಕಿ ಇಳಿಸಿ, ನಾಬ್ ಪೂರ್ತಿ ಕೆಂಪಿಗೆ ತಿರುಗಿಸಿ, ಬ್ಲೋವರಿನ ಎಲ್ಲಾ ವೇಗ, ಗಾಳಿಯ ಎಲ್ಲಾ ದಿಕ್ಕು ಒಂದೊಂದಾಗಿ ನೋಡಿ. ವರ್ಷವಿಡೀ ಕದಲದ ಕೇಬಲ್, ಬಾಗಿಲುಗಳು ಸಿಕ್ಕಿಕೊಂಡಿದ್ದರೆ ಈಗಲೇ ಗೊತ್ತಾಗುತ್ತದೆ. ಮೊದಲಿಗೆ ಸುಟ್ಟ ಧೂಳಿನ ವಾಸನೆ ಬಂದು ಹೋದರೆ ಪರವಾಗಿಲ್ಲ. ಸಿಹಿ ವಾಸನೆ ಬಂದರೆ ಗ್ಯಾರೇಜಿಗೆ ಹೋಗಿ.

ಕೊನೆಗೆ ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್. ಬಹಳಷ್ಟು ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಸ್ಕ್ರೂಡ್ರೈವರ್ ಇಲ್ಲದೆಯೂ ತೆಗೆಯಬಹುದು. ಅದು ಕಟ್ಟಿಕೊಂಡರೆ ಬ್ಲೋವರ್ ಎಷ್ಟು ಕೂಗಿದರೂ ಗ್ಲಾಸಿಗೆ ಗಾಳಿ ತಲುಪುವುದಿಲ್ಲ. ತೆಗೆದು ನೋಡಿ. ಬೂದು ಬಣ್ಣಕ್ಕೆ ತಿರುಗಿ, ಸಂದುಗಳಲ್ಲಿ ಎಲೆ ಚೂರು, ಹುಳುಗಳ ರೆಕ್ಕೆ ತುಂಬಿದ್ದರೆ ಬದಲಿಸುವ ಕಾಲ ದಾಟಿದೆ. ತೊಳೆದು ಮತ್ತೆ ಹಾಕಬೇಡಿ, ಕಾಗದದ ಫಿಲ್ಟರ್ ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ. ಹೊಸದನ್ನು ಕೂರಿಸುವಾಗ ಅಂಚಿನಲ್ಲಿರುವ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೇ ಇರಲಿ. ಹಳೆಯದರಲ್ಲಿ ಬಾಣ ಯಾವ ಕಡೆಗಿತ್ತು ಅಂತ ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.